ಪಾಠದ ಹೆಸರು ಬರೆದಿರದ ಲೆಕ್ಕ

ಪ್ರಶ್ನೆ: ಮೇಡಂ, ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ಗಣಿತದಲ್ಲಿ ಒಂದೊಂದು ಪಾಠ ಮುಗಿದಾಗಲೂ ಅದರ ಲೆಕ್ಕಗಳನ್ನೆಲ್ಲ ಮಾಡುತ್ತೇನೆ, ಕ್ಲಾಸ್ ಟೆಸ್ಟಿನಲ್ಲಿ ಒಳ್ಳೆಯ ಅಂಕ ಬರುತ್ತದೆ. ಸಿಇಟಿಯ ಹಳೆಯ ಪತ್ರಿಕೆ ಬಿಡಿಸಲು ಕೂತರೆ ಮಾತ್ರ ಅರ್ಧಕ್ಕರ್ಧ ಲೆಕ್ಕಗಳು ಯಾವ ಪಾಠದ್ದು ಎಂದೇ ತಿಳಿಯುವುದಿಲ್ಲ. ಉತ್ತರ ನೋಡಿದ ಮೇಲೆ 'ಅಯ್ಯೋ, ಇದಾ' ಅನಿಸುತ್ತದೆ. ಕೋಚಿಂಗ್‌ಗೆಂದು ಅಪ್ಪ ಸಾಲ ಮಾಡಿದ್ದಾರೆ. ನನಗೆ ನಿಜಕ್ಕೂ ಗಣಿತ ಬರುವುದಿಲ್ಲವೇ?

ಉತ್ತರ: ನಿನ್ನ ಕಾಗದದಲ್ಲಿ ನಾನು ಎರಡು ಸಲ ಓದಿದ್ದು ಆ 'ಅಯ್ಯೋ, ಇದಾ' ಎಂಬ ಸಾಲನ್ನು. ಗಣಿತ ಬಾರದವರಿಗೆ ಉತ್ತರ ನೋಡಿದರೂ ಹಾಗೆ ಅನಿಸುವುದಿಲ್ಲ, ಮಗಳೇ. ನಿನಗೆ ಲೆಕ್ಕ ಬರುತ್ತದೆ, ಅದರ ಗುರುತು ಹತ್ತುತ್ತಿಲ್ಲ.

ಹತ್ತುವುದಾದರೂ ಹೇಗೆ? ಗುರುತು ಹಿಡಿಯುವ ಕೆಲಸವನ್ನು ನಾವು ಮೇಷ್ಟರುಗಳು ನಿನ್ನಿಂದ ಮಾಡಿಸಿಯೇ ಇಲ್ಲ. ಪುಸ್ತಕದಲ್ಲಿ ಪಾಠದ ಹೆಸರು ತಲೆಯ ಮೇಲೇ ಇರುತ್ತದೆ. ಕ್ಲಾಸಿನಲ್ಲಿ ನಾನೂ ವರ್ಷಗಟ್ಟಲೆ ಬೋರ್ಡಿನ ಮೇಲೆ ಮೊದಲು ಪಾಠದ ಹೆಸರು ಬರೆದು, ಆಮೇಲೆ ಲೆಕ್ಕ ಬರೆದೆ. ಅರ್ಧ ಉತ್ತರವನ್ನು ನಾನೇ ಹೇಳಿಬಿಡುತ್ತಿದ್ದೇನೆ ಎಂದು ಹೊಳೆದದ್ದು ತಡವಾಗಿ. ಸಿಇಟಿಯಲ್ಲಿ ಆ ಹೆಸರು ಇರುವುದಿಲ್ಲ. ಎರಡು ವರ್ಷದ ಪಾಠಗಳು ಬೆರೆತು 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡು. ಗುರುತಿಗೇ ಒಂದು ನಿಮಿಷ ಹೋದರೆ ಲೆಕ್ಕಕ್ಕೆ ಉಳಿಯುವುದು 20 ಸೆಕೆಂಡು.

ಈ ಲೆಕ್ಕ ನೋಡು. ಎಕ್ಸ್ ವರ್ಗ ಪ್ಲಸ್ ವೈ ವರ್ಗ 1 ಆಗಿದ್ದರೆ, 3ಎಕ್ಸ್ ಪ್ಲಸ್ 4ವೈ ಹೆಚ್ಚೆಂದರೆ ಎಷ್ಟಾಗಬಹುದು? ಗರಿಷ್ಠ ಎಂದ ಕೂಡಲೇ ಬಹಳ ಮಕ್ಕಳು ಡೆರಿವೇಟಿವ್ ತೆಗೆಯಲು ಓಡುತ್ತಾರೆ. ಉತ್ತರ ಬರುತ್ತದೆ, ಆದರೆ ಅರ್ಧ ಪುಟ ತುಂಬುತ್ತದೆ. ಕೊಟ್ಟಿರುವ ಷರತ್ತನ್ನು ಮೊದಲು ನೋಡಿದ್ದರೆ? ವರ್ಗಗಳ ಮೊತ್ತ 1. ಎಕ್ಸ್ ಎಂದರೆ ಕಾಸ್, ವೈ ಎಂದರೆ ಸೈನ್. ಪ್ರಶ್ನೆ ಈಗ 3 ಕಾಸ್ ಪ್ಲಸ್ 4 ಸೈನ್ ಆಯಿತು. ಅದರ ಗರಿಷ್ಠ, 9 ಪ್ಲಸ್ 16ರ ವರ್ಗಮೂಲ, 5. ಕ್ಯಾಲ್ಕುಲಸ್‌ನ ಬಟ್ಟೆ ಹಾಕಿಕೊಂಡು ಬಂದದ್ದು ಮೊದಲ ಪಿಯುಸಿಯ ಟ್ರಿಗನಾಮೆಟ್ರಿ. ನೀನು ಮೊದಲು ಕಲಿಯಬೇಕಾದದ್ದು ಇದನ್ನೇ: ಕಣ್ಣು ಕೇಳಿದ್ದರ ಮೇಲೆ ಬೀಳುವ ಮುಂಚೆ ಕೊಟ್ಟಿದ್ದರ ಮೇಲೆ ಬೀಳಲಿ.

ಕೊಡದೇ ಇರುವುದೂ ಗುರುತೇ. ಮೂರು ಬೈ ಮೂರರ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್ 5, ಅದರ ಅಡ್‌ಜಾಯಿಂಟ್‌ನ ಡಿಟರ್ಮಿನೆಂಟ್ ಎಷ್ಟು ಎಂದು ಕೇಳುತ್ತಾರೆ. ಒಳಗಿನ ಒಂಬತ್ತು ಸಂಖ್ಯೆಗಳಲ್ಲಿ ಒಂದನ್ನೂ ಕೊಟ್ಟಿಲ್ಲ. ಕೊಟ್ಟಿಲ್ಲ ಎಂದರೆ ಬೇಕಾಗಿಲ್ಲ, ಪ್ರಾಪರ್ಟಿಯೊಂದೇ ಸಾಕು: 5ರ ವರ್ಗ, 25. ಇಂಟಿಗ್ರಲ್‌ಗಳಲ್ಲಿ ಲಿಮಿಟ್ಟೇ ಬಾಯಿಬಿಡುತ್ತದೆ. ಸೊನ್ನೆಯಿಂದ ಪೈ ಬೈ 2, ಮೇಲೆ ರೂಟ್ ಸೈನ್, ಕೆಳಗೆ ರೂಟ್ ಸೈನ್ ಪ್ಲಸ್ ರೂಟ್ ಕಾಸ್. ಲಿಮಿಟ್ ಇಲ್ಲದೆ ಇದನ್ನು ಬಿಡಿಸಹೊರಟರೆ ಕೈಸೋಲುತ್ತದೆ. ಎಕ್ಸ್ ಇದ್ದಲ್ಲಿ ಪೈ ಬೈ 2 ಮೈನಸ್ ಎಕ್ಸ್ ಹಾಕಿದರೆ ಸೈನ್, ಕಾಸ್ ಜಾಗ ಬದಲಿಸುತ್ತವೆ, ಎರಡನ್ನೂ ಕೂಡಿಸಿದರೆ ಒಳಗೆ 1 ಉಳಿಯುತ್ತದೆ. ಉತ್ತರ ಪೈ ಬೈ 4.

ಕೊಟ್ಟಿದ್ದು ಒಂದೇ ಇದ್ದು, ಕೇಳಿದ್ದರಲ್ಲಿ ಒಂದು ಪದ ಬದಲಾಗುವ ಲೆಕ್ಕಗಳೂ ಇವೆ. ಎಂಟು ಜನರಲ್ಲಿ ಮೂವರ ಸಮಿತಿ ಎಂದರೆ 56 ಬಗೆ. ಅದೇ ಎಂಟು ಜನರಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದರೆ 336. ಇಲ್ಲಿ ಸೂತ್ರ ನೆನಪಿಸಿಕೊಳ್ಳಬೇಡ. ಇಬ್ಬರ ಜಾಗ ಅದಲುಬದಲು ಮಾಡಿದರೆ ಏನಾದರೂ ಬೇರೆಯಾಗುತ್ತದೆಯೇ ಎಂದು ಕೇಳಿಕೋ.

ಈಗ ಮಾಡಬೇಕಾದ ಕೆಲಸ. ಹಳೆಯ ಪತ್ರಿಕೆಯೊಂದನ್ನು ತೆಗೆದುಕೋ, ಬಿಡಿಸಬೇಡ. 60 ಪ್ರಶ್ನೆಗೂ ಪಾಠದ ಹೆಸರು, ಮೊದಲ ಹೆಜ್ಜೆ, ಯಾವ ಪದ ಅಥವಾ ಷರತ್ತು ನೋಡಿ ಹಾಗೆ ಅನಿಸಿತು, ಇಷ್ಟನ್ನೇ ಬರೆಯುತ್ತಾ ಹೋಗು. ಒಂದಕ್ಕೆ ಅರ್ಧ ನಿಮಿಷ ಸಾಕು. ಮಾರನೆಯ ದಿನ ಕೂತು ಬಿಡಿಸಿ, ಗುರುತು ತಪ್ಪಿದ್ದನ್ನೂ ಕೈತಪ್ಪಿದ್ದನ್ನೂ ಬೇರೆ ಬೇರೆ ಗುರುತು ಮಾಡಿಕೋ. ಎರಡಕ್ಕೂ ಮದ್ದು ಬೇರೆ. ಕೈತಪ್ಪಿದ್ದಕ್ಕೆ ಆ ಪಾಠದ ಇನ್ನಷ್ಟು ಲೆಕ್ಕ. ಗುರುತು ತಪ್ಪಿದ್ದಕ್ಕೆ ಅದೇ ಪಾಠವನ್ನು ಮತ್ತೆ ಅರೆದರೆ ಪ್ರಯೋಜನವಿಲ್ಲ, ನಾಲ್ಕಾರು ಪಾಠದ ಲೆಕ್ಕಗಳನ್ನು ಚೀಟಿಯಲ್ಲಿ ಬರೆದು ಕಲಸಿ ಎತ್ತಬೇಕು. ಶುರುವಿನಲ್ಲಿ ಕ್ಲಾಸ್ ಟೆಸ್ಟಿಗಿಂತ ಕಡಿಮೆ ಅಂಕ ಬಂದೀತು. ಹೆದರಿ ಬಿಡಬೇಡ.

'ಇನ್ನೂರು ಮಾದರಿ ಬಾಯಿಪಾಠ ಮಾಡಿ' ಎನ್ನುವವರ ಮಾತು ಕೇಳಬೇಡ. 25 ಪ್ಲಸ್ ಹೆಚ್‌ನ ವರ್ಗಮೂಲದಲ್ಲಿ 5 ಕಳೆದು ಹೆಚ್‌ನಿಂದ ಭಾಗಿಸಿ, ಹೆಚ್ ಸೊನ್ನೆಯತ್ತ ಹೋದಾಗ ಬೆಲೆ ಎಷ್ಟು ಎಂದರೆ, ಬಾಯಿಪಾಠದವರಿಗೆ ಅದು ಲಿಮಿಟ್ ಲೆಕ್ಕವಷ್ಟೇ. ಡೆರಿವೇಟಿವ್ ಎಂದರೇನು ಎಂದು ತಿಳಿದವಳಿಗೆ ಅದು ರೂಟ್ ಎಕ್ಸ್‌ನ ಡೆರಿವೇಟಿವ್, 25ರ ಹತ್ತಿರ: 1 ಬೈ 10.

ಪರೀಕ್ಷೆಯ ದಿನ, 20 ಸೆಕೆಂಡಿನಲ್ಲಿ ಗುರುತು ಹತ್ತದ ಪ್ರಶ್ನೆಯನ್ನು ದಾಟಿ ಹೋಗು, ಕೊನೆಗೆ ಮರಳಿ ಬಾ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಓಎಂಆರ್‌ನಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡ. ಜೆಇಇ ಮೇನ್‌ಗೂ ಕೂರುವುದಾದರೆ ಈ ಮಾತು ಅಲ್ಲಿಗೆ ಹೊಂದುವುದಿಲ್ಲ, ಅಲ್ಲಿ ತಪ್ಪಿಗೆ 1 ಅಂಕ ಹೋಗುತ್ತದೆ.

ಅಪ್ಪನ ಸಾಲದ ವಿಷಯ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಪಾಲು ನಿನ್ನ ಪಿಯುಸಿ ಅಂಕಗಳದ್ದು. ಕ್ಲಾಸ್ ಟೆಸ್ಟಿನಲ್ಲಿ ನೀನು ಗಳಿಸುತ್ತಿರುವ ಹಿಡಿತ ಅಲ್ಲಿ ಕೈಗೂಡುತ್ತದೆ, ಇದನ್ನು ಇವತ್ತು ರಾತ್ರಿಯೇ ಅವರಿಗೆ ಹೇಳು. ಮೂರು ಪತ್ರಿಕೆ ಮುಗಿದ ಮೇಲೆ ಗುರುತು ತಪ್ಪಿದ ಪ್ರಶ್ನೆಗಳ ಪಟ್ಟಿಯನ್ನು ನನಗೆ ಕಳುಹಿಸು. ಯಾವ ಪಾಠ ಯಾವುದರ ವೇಷದಲ್ಲಿ ಬಂದು ನಿನ್ನನ್ನು ಏಮಾರಿಸುತ್ತಿದೆ ಎಂದು ಇಬ್ಬರೂ ಕೂತು ನೋಡೋಣ.