ಕಾಡಂಚಿನ ತೋಟಗಳಿಗೆ ಕಿರುಸಂದೇಶದ ಕಾವಲು

ಬೆಳೆಗಾರ ಬಂಧುಗಳ ಮನೆಗಳಲ್ಲಿ ಈಗ ಸ್ಮಾರ್ಟ್‌ಫೋನು ಹೊಸದೇನಲ್ಲ. ಕಾಫಿ ಪೇಟೆ, ಅಡಿಕೆ ಧಾರಣೆ, ಮಳೆಯ ಸುದ್ದಿ ಎಲ್ಲವೂ ವಾಟ್ಸಾಪ್ ಗುಂಪುಗಳಲ್ಲೇ ಬರುತ್ತವೆ. ಹೀಗಿರುವಾಗ ಹಳೆಯ ಎಸ್ಸೆಮ್ಮೆಸ್ಸಿನ ಮಾತೇಕೆ ಎಂದು ಕೆಲವರು ಕೇಳಬಹುದು. ಉತ್ತರ ಸರಳ. ತೋಟಕ್ಕೆ ಆನೆ ಬಂದ ಸುದ್ದಿ ಗುಂಪಿನ ಮೂಲಕ ಮಾಲೀಕರಿಗೆ ತಲುಪುತ್ತದೆ; ಮಂಜು ಕರಗುವ ಮೊದಲೇ ಕುಯ್ಲಿಗೆ ಹೊರಡುವ ಆಳಿಗೆ ತಲುಪುವುದಿಲ್ಲ. ಅವರ ಕೈಯಲ್ಲಿರುವುದು ಎಷ್ಟೋ ವೇಳೆ ಬಟನ್ ಫೋನು. ಆನೆಗೆ ಎದುರಾಗುವವರೂ ಅವರೇ.

ಬೇಸಿಗೆಯಲ್ಲಿ ಬೀಚನಹಳ್ಳಿಯ ಕಬಿನಿ ಜಲಾಶಯದ ಹಿನ್ನೀರು ಇಳಿದು ಹಸಿರು ಹುಲ್ಲು ಚಿಗುರುತ್ತಲೇ ನಾಗರಹೊಳೆ, ಬಂಡೀಪುರಗಳ ಆನೆಗಳು ಅಲ್ಲಿ ಕೂಡುವುದು ನಮಗೆಲ್ಲ ತಿಳಿದದ್ದೇ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಾಡಂಚಿನಲ್ಲಿ ಕಂದಕ, ಸೌರಬೇಲಿಗಳಿದ್ದರೂ ಆನೆ ದಾಟುವುದುಂಟು. ದಾಟಿದ ಮೇಲೆ ಜೀವ ಉಳಿಸುವುದು ಸಕಾಲದ ಸುದ್ದಿಯೊಂದೇ.

ವಾಲ್ಪಾರೈ ಮತ್ತು ಹಾಸನದ ಪಾಠ

ತಮಿಳುನಾಡಿನ ಆನೈಮಲೆಯಲ್ಲಿರುವ ವಾಲ್ಪಾರೈ ಚಹಾ, ಕಾಫಿ ತೋಟಗಳ ಸೀಮೆ. ಅಲ್ಲಿ ಆನೆಗಳಿಂದ ಸತ್ತವರಲ್ಲಿ ಹೆಚ್ಚಿನವರು ಆನೆ ಹತ್ತಿರದಲ್ಲಿದೆ ಎಂಬುದನ್ನೇ ತಿಳಿಯದೆ ಎದುರಾದವರು. ಇದನ್ನು ಕಂಡ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಡಾ. ಆನಂದಕುಮಾರ್ ಮತ್ತು ಸಂಗಡಿಗರು ಮೊದಲು ಸ್ಥಳೀಯ ಕೇಬಲ್ ಟಿ.ವಿ.ಯಲ್ಲಿ ಸುದ್ದಿ ಓಡಿಸಿದರು. 2011ರ ಸುಮಾರಿಗೆ, ಆನೆ ಇರುವ ಜಾಗದಿಂದ 2 ಕಿ.ಮೀ. ಒಳಗಿನ ಜನರಿಗೆ ಎಸ್ಸೆಮ್ಮೆಸ್ ಕಳಿಸತೊಡಗಿದರು. ಆನೆ ಸುಳಿವಿದ್ದಾಗ ಬೆಳಗುವ ಕೆಂಪು ದೀಪಗಳನ್ನೂ ನೆಟ್ಟರು. ಸಾವುಗಳು ಕಡಿಮೆಯಾದವು. ಈ ಕೆಲಸಕ್ಕೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂದಿತು. ಬಳಿಕ ನಮ್ಮದೇ ರಾಜ್ಯದ ಹಾಸನ ಜಿಲ್ಲೆಯ ಕಾಫಿ ಸೀಮೆಯಲ್ಲಿಯೂ ಅರಣ್ಯ ಇಲಾಖೆಯೊಡನೆ ಇದೇ ಕ್ರಮ ಜಾರಿಗೆ ಬಂದಿತು.

ಎಸ್ಸೆಮ್ಮೆಸ್ ಹೇಗೆ ತಲುಪುತ್ತದೆ?

ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ಇದಕ್ಕೆ ಇಂಟರ್‌ನೆಟ್ ಬೇಡ. ಫೋನು ಮತ್ತು ಟವರು ತಮ್ಮೊಳಗೆ ಗುರುತು ಹೇಳಿಕೊಳ್ಳುವ ದಾರಿಯಲ್ಲೇ ಇದೂ ಸಾಗುತ್ತದೆ. ಆದ್ದರಿಂದ ವಾಟ್ಸಾಪ್ ಸುತ್ತುತ್ತಲೇ ಇರುವಷ್ಟು ಕ್ಷೀಣ ಸಿಗ್ನಲ್ಲಿನಲ್ಲಿಯೂ ಬಂದು ಸೇರುವುದುಂಟು. ಫೋನು ಸಿಗ್ನಲ್ಲಿನಲ್ಲಿ ಇಲ್ಲದಿದ್ದರೆ ಕಂಪನಿಯ ಸಂದೇಶ ಕೇಂದ್ರವು ಅದನ್ನು ಸ್ವಲ್ಪ ಕಾಲ ಕಾದಿರಿಸಿ, ಸಿಗ್ನಲ್ ಸಿಕ್ಕೊಡನೆ ತಲುಪಿಸುತ್ತದೆ. ಡೇಟಾ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ರೀಚಾರ್ಜ್ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ವಿಧಿಸಿದೆ. ಆಳುಗಳಿಗೆ ಇದನ್ನು ತಿಳಿಸಿಕೊಡುವುದು ಒಳ್ಳೆಯದು.

ಬರೆಯುವ ಕ್ರಮ

ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ ಹಿಡಿಯುವುದು 70 ಮಾತ್ರ. ಅದರಲ್ಲಿಯೂ ಗುಣಿತದ ಚಿಹ್ನೆ, ಒತ್ತು, ಖಾಲಿ ಜಾಗ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಆನೆ’ ಎಂದರೆ ಮೂರು. ‘ಸ್ತ್ರೀ’ ಎಂದರೆ ಆರು. ಮಿತಿ ಮೀರಿದರೆ ಸಂದೇಶ ತುಂಡಾಗುತ್ತದೆ. ಆದುದರಿಂದ ಪೀಠಿಕೆ, ವಂದನೆ ಬಿಟ್ಟು ನಾಲ್ಕೇ ಸಂಗತಿ ಬರೆಯಬೇಕು: ಏನು, ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡಬೇಕು. ಉದಾಹರಣೆಗೆ:

‘ಆನೆ ಇದೆ. ದೊಡ್ಡಕೆರೆ ಏರಿ. ಬೆಳಿಗ್ಗೆ 6. ಆ ದಾರಿ ಬೇಡ.’

ಇದು 47ಕ್ಕೇ ಮುಗಿಯಿತು. ಇದರಲ್ಲಿ ಹೊತ್ತನ್ನು ಮಾತ್ರ ಎಂದೂ ಬಿಡಬಾರದು. ಕಾದಿರಿಸಿದ ಸಂದೇಶ ತಡವಾಗಿ ಬಂದರೆ, ಆರು ಗಂಟೆಯ ಸುದ್ದಿಯನ್ನು ಹತ್ತು ಗಂಟೆಯದೆಂದು ತಿಳಿದು ಜನ ಆನೆಯಿರುವ ಕಡೆಗೇ ಹೋಗುವ ಅಪಾಯವಿದೆ.

ಮಿತಿಗಳು

ಟವರೇ ಇಲ್ಲದ ಕಡೆ ಎಸ್ಸೆಮ್ಮೆಸ್ಸೂ ಇಲ್ಲ. ಓದು ಬಾರದವರಿಗೆ ಕರೆ ಮಾಡಿಯೇ ಹೇಳಬೇಕು. ಗಾಳಿಸುದ್ದಿಯನ್ನು ಯಾರೂ ಹರಡಬಾರದು. ಎರಡು ಸಲ ಸುಳ್ಳಾದರೆ ಮೂರನೆಯ ಸಲ ಯಾರೂ ನಂಬುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು, ಸಂದೇಶ ಬರಲಿಲ್ಲವೆಂದರೆ ಆನೆ ಇಲ್ಲವೆಂದು ಅರ್ಥವಲ್ಲ. ಅಪರಿಚಿತರಿಂದ ಬಂದ ಸಂದೇಶದಲ್ಲಿನ ಲಿಂಕ್ ಒತ್ತಬಾರದು. 2025ರಿಂದ ಸರ್ಕಾರಿ ಸಂದೇಶ ಕಳಿಸಿದವರ ಹೆಸರಿನ ಕೊನೆಯಲ್ಲಿ ‘ಜಿ’ ಎಂಬ ಇಂಗ್ಲಿಷ್ ಅಕ್ಷರ ಇರುತ್ತದೆ, ಗಮನಿಸಿ.

ಈಗ ಮಾಡಬೇಕಾದದ್ದು

ಕುಯ್ಲು ಆರಂಭವಾಗುವ ಮೊದಲೇ ಪ್ರತಿ ತೋಟದವರೂ ಒಂದು ಪಟ್ಟಿ ಮಾಡಿಕೊಳ್ಳೋಣ. ಅದರಲ್ಲಿ ರೈಟರು, ಮೇಸ್ತ್ರಿ, ಲೈನ್ ಮನೆಯವರು, ಹಾಡಿಯಿಂದ ಬರುವವರು, ಪಕ್ಕದ ತೋಟದವರು ಎಲ್ಲರ ನಂಬರೂ ಇರಲಿ. ಓದು ಬಾರದವರ ಹೆಸರಿನ ಮುಂದೆ, ಅವರಿಗೆ ಓದಿ ಹೇಳುವವರ ಹೆಸರಿರಲಿ. ಆನೆಯ ಸುಳಿವು ಸಿಕ್ಕಾಗ ಮೊದಲು ಅರಣ್ಯ ಇಲಾಖೆಗೆ ಕರೆ, ಮರುಕ್ಷಣವೇ ಈ ಪಟ್ಟಿಗೆ ಸಂದೇಶ. ಗುಂಪಿಗೆ ಫೋಟೋ ಹಾಕುವುದು ಆಮೇಲೆ. ನಮ್ಮ ಫಸಲನ್ನು ಕೊಯ್ದು ಕೊಡುವ ಕೈಗಳು ಸಂಜೆ ಕ್ಷೇಮವಾಗಿ ಮನೆ ಸೇರುವಂತೆ ನೋಡಿಕೊಳ್ಳುವುದೂ ಬೇಸಾಯದ್ದೇ ಒಂದು ಭಾಗವೆಂದು ನಾವು ತಿಳಿದಿದ್ದೇವೆ.