ಹುಲ್ಲುಗಾವಲಿನ ಲೆಕ್ಕ ಹೇಳುವ ಬೆಳ್ಳಿ ಗಿಡ

ಹೂಮಾಲೆಯಲ್ಲಿ ಸೇರಿಸಿ ಕಟ್ಟುವ ದವನ ನಮಗೆಲ್ಲ ಗೊತ್ತು. ಯುನಾನಿ ಔಷಧಿ ಬಳಸುವ ಮನೆಗಳಲ್ಲಿ ಅಫ್ಸಂತೀನ್ ಎಂಬ ಕಹಿ ಗಿಡದ ಹೆಸರನ್ನೂ ಕೇಳಿರುತ್ತೇವೆ. ಎರಡೂ ಆರ್ಟೆಮಿಸಿಯಾ ಕುಲಕ್ಕೆ ಸೇರಿದವು. ಅದೇ ಕುಲದ ಇನ್ನೊಂದು ಗಿಡ ಆರ್ಟೆಮಿಸಿಯಾ ಫ್ರಿಜಿಡಾ. ಮಂಗೋಲಿಯಾ, ಉತ್ತರ ಚೀನಾ, ಸೈಬೀರಿಯಾ ಮತ್ತು ಉತ್ತರ ಅಮೆರಿಕದ ಒಣ ಹುಲ್ಲುಗಾವಲುಗಳು ಇದರ ತವರು.

ಇದು ಹಲವು ವರ್ಷ ಬದುಕುವ ಕುಳ್ಳ ಗಿಡ. ಎಲೆಗಳ ಮೇಲಿನ ನವಿರಾದ ರೋಮಗಳಿಂದ ಬೆಳ್ಳಿಯ ಬಣ್ಣ ಬರುತ್ತದೆ. ಈ ರೋಮಗಳು ಬಿಸಿಲಿನ ಝಳ ತಡೆದು ಎಲೆಯ ನೀರನ್ನು ಉಳಿಸುತ್ತವೆ. ದನಕುರಿಗಳು ತುಳಿದು ಕೊಂಬೆ ಮಣ್ಣಿಗೆ ತಾಗಿದರೆ ಅಲ್ಲಿಂದಲೇ ಹೊಸ ಬೇರು ಹೊರಡುತ್ತದೆ. ಘಾಟು ವಾಸನೆ ಇರುವುದರಿಂದ, ಒಳ್ಳೆಯ ಹುಲ್ಲು ಸಿಗುವಾಗ ಜಾನುವಾರುಗಳು ಇದನ್ನು ಅಷ್ಟಾಗಿ ಮೇಯುವುದಿಲ್ಲ.

ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ ಇಲ್ಲಿದೆ. ಮಾಲೀಕ ಲಾಭಕ್ಕಿಂತ ಹೆಚ್ಚು ಡ್ರಾಯಿಂಗ್ಸ್ ಮಾಡಿದರೆ ಬಂಡವಾಳ ಕರಗುತ್ತದೆ ಎಂದು ನಾವು ಓದಿದ್ದೇವೆ. ಹುಲ್ಲುಗಾವಲಿನಲ್ಲಿ ವರ್ಷ ವರ್ಷ ಚಿಗುರುವ ಹುಲ್ಲು ಲಾಭ. ಬೇರು ಮತ್ತು ಮಣ್ಣು ಬಂಡವಾಳ. ಚಿಗುರಿದ್ದಕ್ಕಿಂತ ಹೆಚ್ಚು ಮೇಯಿಸಿದರೆ ಎತ್ತರದ ಹುಲ್ಲು ಸೋಲುತ್ತದೆ, ಆ ಜಾಗವನ್ನು ಈ ಬೆಳ್ಳಿ ಗಿಡ ಹಿಡಿಯುತ್ತದೆ. ಒಳ ಮಂಗೋಲಿಯಾದಲ್ಲಿ ಇದು ಹಬ್ಬಿದ್ದನ್ನು ಅತಿಯಾಗಿ ಮೇಯಿಸಿದ್ದರ ಗುರುತೆಂದು ವಿಜ್ಞಾನಿಗಳು ಓದುತ್ತಾರೆ. ಹಾಗೆಂದು ಗಿಡವನ್ನು ದೂರುವಂತಿಲ್ಲ. ಹುಲ್ಲು ಹೋದ ಮೇಲೂ ಮಣ್ಣನ್ನು ಹಿಡಿದಿಡುವುದು ಇದೇ. ಚಳಿಗಾಲದಲ್ಲಿ ಕುರಿಗಳಿಗೆ ಮೇವಾಗುವುದೂ ಉಂಟು.

ಎಲ್ಲರಿಗೂ ಸೇರಿದ ಗೋಮಾಳ ಹಾಳಾಗಿಯೇ ತೀರುತ್ತದೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ಇದನ್ನು ಪೂರ್ತಿ ಒಪ್ಪಲಿಲ್ಲ. 1999ರಲ್ಲಿ ಅವರು ಸಂಗಡಿಗರೊಂದಿಗೆ ಬರೆದ ಲೇಖನದಲ್ಲಿ ಇದೇ ಪ್ರದೇಶದ ಉದಾಹರಣೆಯಿದೆ. ಋತುವಿಗೆ ತಕ್ಕಂತೆ ಹಿಂಡಿನೊಡನೆ ಜಾಗ ಬದಲಿಸುವ ಹಳೆಯ ಪದ್ಧತಿ ಉಳಿದಿದ್ದ ಮಂಗೋಲಿಯಾದ ಭಾಗದಲ್ಲಿ ಆಗ ಸುಮಾರು ಹತ್ತನೇ ಒಂದು ಪಾಲು ಹುಲ್ಲುಗಾವಲು ಹಾಳಾಗಿತ್ತು. ಕುರಿಗಾಹಿಗಳನ್ನು ಸರ್ಕಾರ ಒಂದೆಡೆ ನೆಲೆಗೊಳಿಸಿದ್ದ ಪಕ್ಕದ ಚೀನಾ ಭಾಗದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು, ರಷ್ಯಾ ಭಾಗದಲ್ಲಿ ಸುಮಾರು ಮುಕ್ಕಾಲು ಪಾಲು ಹಾಳಾಗಿತ್ತು.

ನೆಲ ಎಲ್ಲರದಾಗಿದ್ದುದೇ ನಷ್ಟಕ್ಕೆ ಕಾರಣವಲ್ಲ ಎಂದಾಯಿತು. ಎಷ್ಟು ಮೇಯಿಸಬೇಕು, ಯಾವಾಗ ಬಿಡುವು ಕೊಡಬೇಕು ಎಂಬ ನಿಯಮವನ್ನು ಬಳಸುವವರೇ ಮಾಡಿಕೊಂಡು ಪಾಲಿಸಿದರೆ ಬಂಡವಾಳ ಉಳಿಯುತ್ತದೆ. ನಮ್ಮೂರುಗಳ ಗೋಮಾಳ, ಕೆರೆಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ.