ಹಿತ್ತಲ ಬೇಸಾಯ

ಸೇಲಂ ಜಿಲ್ಲೆಯ ಮೆಟ್ಟೂರಿನಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1934ರಲ್ಲಿ. ಆ ನೀರು ಬಯಲಿನ ಗದ್ದೆಗಳಿಗೆ ಹರಿಯುತ್ತದೆಯೇ ಹೊರತು ಸಮೀಪದ ಪಾಲಮಲೆಯನ್ನು ಏರುವುದಿಲ್ಲ. ಗುಡ್ಡದ ಇಳಿಜಾರಿನ ಹೊಲ ಮಳೆಯನ್ನೇ ನಂಬಬೇಕು. ಇಂಥ ತೆಳುಮಣ್ಣಿನ ನೆಲವನ್ನು ‘ಬರಡು’ ಎಂದು ಕೈಬಿಡುವುದು ಸುಲಭ. ಆದರೆ ಮನೆಯ ಹಿಂದಿನ ನಾಲ್ಕು ಮಾರು ಜಾಗವೂ ಒಂದು ಸಂಸಾರದ ಊಟಕ್ಕೆ ಆಸರೆಯಾಗಬಲ್ಲದು. ಅದು ಹೇಗೆಂದು ನೋಡೋಣ.

ಮೊದಲನೆಯದು ನೀರು. ಬಚ್ಚಲ ನೀರನ್ನು ವ್ಯರ್ಥವಾಗಿ ಬಿಡದೆ ಬಾಳೆ, ಪಪ್ಪಾಯಿಗಳ ಬುಡಕ್ಕೆ ಹರಿಸಬೇಕು. ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಸಾಲು ಇಟ್ಟರೆ ಮಳೆನೀರು ನಿಂತು ಇಂಗುತ್ತದೆ, ಮಣ್ಣೂ ಕೊಚ್ಚಿಹೋಗುವುದಿಲ್ಲ.

ಎರಡನೆಯದು ಗೊಬ್ಬರ. ಸಗಣಿ, ತರಗೆಲೆ, ಒಲೆಯ ಬೂದಿ ಇವೇ ಸಾಕು. ಅವರೆ, ಅಲಸಂದೆಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ.

ಮೂರನೆಯದು ಬೀಜ. ಒಳ್ಳೆಯ ಕಾಯನ್ನು ಗಿಡದಲ್ಲೇ ಬಲಿಯಲು ಬಿಟ್ಟು, ಒಣಗಿಸಿ, ಬೂದಿ ಬೆರೆಸಿ ಇಟ್ಟರೆ ಹುಳುವಿನ ಕಾಟ ಕಡಿಮೆ.

ಇದರಿಂದ ಲಾಭವೇನು? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಆದರೆ ಕಣ್ಣಿಗೆ ಬೇಕಾದ ‘ಎ’ ಜೀವಸತ್ವ ಮುದ್ದೆಯೊಂದರಿಂದ ಸಾಲದು. ಆ ಕೊರತೆಯನ್ನು ನುಗ್ಗೆಸೊಪ್ಪು, ದಂಟು, ಪಪ್ಪಾಯಿ ತುಂಬುತ್ತವೆ. ಕೊಳ್ಳಲು ಹಣವಿಲ್ಲದ ದಿನವೂ ಹಿತ್ತಲಿನಲ್ಲಿ ಸೊಪ್ಪು ಸಿಗುತ್ತದೆ.

ಈ ಕೆಲಸದ ಬಹುಪಾಲು ಹೆಂಗಸರದು. ಬೀದರಿಗೆ ಹತ್ತಿರದ ಜಹೀರಾಬಾದ್ ಸೀಮೆಯಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು, ಬಹುತೇಕ ಬಡ ದಲಿತ ಹೆಂಗಸರವು. ಬೀಳುಬಿದ್ದ ಜಮೀನನ್ನು ಹಸನು ಮಾಡಿ, ಜೋಳ, ನವಣೆ, ತೊಗರಿಗಳನ್ನು ಒಟ್ಟಿಗೆ ಬೆಳೆದು, ಬೀಜವನ್ನೂ ತಾವೇ ಕಾಪಾಡಿಕೊಂಡರು. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂದಿತು. ಶಿರಸಿಯ ಕಡೆ ‘ವನಸ್ತ್ರೀ’ ಎಂಬ ಬಳಗ ಮಲೆನಾಡಿನ ಹಿತ್ತಲುಗಳ ತರಕಾರಿ ಬೀಜಗಳನ್ನು ಉಳಿಸುತ್ತಿದೆ.

ಹೀಗಿದ್ದರೂ ‘ರೈತ’ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗಂಡಸಿನ ಚಿತ್ರ. ಪಟ್ಟಾದಲ್ಲಿ ಹೆಸರಿಲ್ಲದವಳಿಗೆ ಬೆಳೆಸಾಲವೂ ಪರಿಹಾರವೂ ದೊರೆಯುವುದು ಕಷ್ಟ. ತಮಿಳುನಾಡು 1989ರಲ್ಲಿಯೇ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡುವ ತಿದ್ದುಪಡಿ ತಂದಿತು; 2005ರಲ್ಲಿ ಆ ಹಕ್ಕು ದೇಶಕ್ಕೆಲ್ಲ ವಿಸ್ತರಿಸಿತು. ಕಾನೂನು ಬಂದಿದೆ, ಅದು ಮನೆಯೊಳಗೂ ಬರಬೇಕಾಗಿದೆ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ನಿಮ್ಮ ಹಿತ್ತಲಿನ ಗಿಡಗಳ ಪಟ್ಟಿ ಮಾಡಿರಿ. ಬೀಜ ಎಲ್ಲಿಂದ ಬಂತೆಂದು ತಾಯಿಯನ್ನೋ ಅಜ್ಜಿಯನ್ನೋ ಕೇಳಿ ಬರೆಯಿರಿ. ಬಳಿಕ ಆ ನೆಲ ಯಾರ ಹೆಸರಿನಲ್ಲಿದೆ ಎಂಬುದನ್ನೂ ಕೇಳಿರಿ. ಪೋಷಕರು ಈ ಪ್ರಶ್ನೆಗೆ ಮಕ್ಕಳೊಡನೆ ಕುಳಿತು ಉತ್ತರಿಸಲಿ.